ಬೋರ್ಡ್ ಮೀಟಿಂಗ್‌ಗೆ ಮುಂಚೆ ಬಾಯ್ಲರ್ ಹತ್ತಿರ ಹೋಗಿಬನ್ನಿ

ಹರಪನಹಳ್ಳಿಯ ಮೆಕ್ಕೆಜೋಳ, ಕೂಡ್ಲಿಗಿ–ಕೊಟ್ಟೂರಿನ ಶೇಂಗಾ, ಹಡಗಲಿಯ ಕಬ್ಬು ಹೊಲದಲ್ಲಿರುವ ತನಕ ಬೆಳೆ. ಡ್ರೈಯರ್, ಎಣ್ಣೆ ಮಿಲ್, ಬಾಯ್ಲರ್ ಹತ್ತಿರ ಬಂದ ಮೇಲೆ ಅದು ಕೈಗಾರಿಕೆಯ ಸರಕು, ಅಪಾಯವೂ ಕೈಗಾರಿಕೆಯದ್ದೇ. ವಿಜಯಪುರದಲ್ಲಿ 2023ರ ಡಿಸೆಂಬರ್ 4ರಂದು ಸಂಸ್ಕರಣಾ ಘಟಕವೊಂದರ ಮೆಕ್ಕೆಜೋಳದ ದಾಸ್ತಾನು ಕುಸಿದು ಬಿಹಾರದ 7 ಕಾರ್ಮಿಕರು ಅದರಡಿ ಸಿಕ್ಕಿ ಸತ್ತರು. 2018ರ ಡಿಸೆಂಬರ್‌ನಲ್ಲಿ ಮುಧೋಳ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರ ತ್ಯಾಜ್ಯನೀರು ಘಟಕ ಸ್ಫೋಟಿಸಿ 4 ಜನ ಹೋದರು. ದುಗ್ಗಾವತಿ, ಬೀರಬ್ಬಿಯ ಸಕ್ಕರೆ ಕಾರ್ಖಾನೆಗಳಿಂದ ಹಿಡಿದು ಹಗರಿಬೊಮ್ಮನಹಳ್ಳಿಯಲ್ಲಿ ನಾಳೆ ಗೋದಾಮು ಕಟ್ಟಲಿರುವ ರೈತ ಉತ್ಪಾದಕ ಕಂಪನಿಯವರೆಗೆ, ನಿರ್ದೇಶಕ ಮಂಡಳಿ ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಒಂದೇ.

ಮೊದಲು, ಹೊಣೆ ಯಾರದೆಂದು ಠರಾವು ಮಾಡಿ. ಕಂಪನಿ ನಡೆಸುವ ಕಾರ್ಖಾನೆಗೆ ‘ಆಕ್ಯುಪೈಯರ್’, ಅಂದರೆ ಕಾನೂನಿನ ಕಣ್ಣಲ್ಲಿ ಹೊಣೆಗಾರ, ಆಗಬೇಕಾದವರು ನಿರ್ದೇಶಕರಲ್ಲೊಬ್ಬರು. ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಈ ತಿದ್ದುಪಡಿ ಬಂತು. ಮ್ಯಾನೇಜರನ ಹೆಸರು ಬರೆದು ಕೈತೊಳೆದುಕೊಳ್ಳಲು ಆಗದೆಂದು 1996ರಲ್ಲಿ ಜೆ.ಕೆ. ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಸ್ವತಂತ್ರ ನಿರ್ದೇಶಕರನ್ನು ಮಾತ್ರ ಹೊರಗಿಟ್ಟಿದೆ. ‘ನಾನು ಹೆಸರಿಗೆ ಮಾತ್ರ ಡೈರೆಕ್ಟರ್’ ಅನ್ನುವವರು ಗಮನಿಸಿ: ಭೋಪಾಲ್ ಪ್ರಕರಣದಲ್ಲಿ 2010ರ ಜೂನ್‌ನಲ್ಲಿ ಶಿಕ್ಷೆಯಾದವರಲ್ಲಿ ಯೂನಿಯನ್ ಕಾರ್ಬೈಡ್ ಇಂಡಿಯಾದ ಅಧ್ಯಕ್ಷರಾಗಿದ್ದ ಕೇಶುಬ್ ಮಹೀಂದ್ರಾ ಕೂಡ ಇದ್ದರು. ಅವರೇನೂ ದಿನದ ಆಡಳಿತ ನಡೆಸುತ್ತಿರಲಿಲ್ಲ.

ಎರಡನೆಯದಾಗಿ, ಒಂದೇ ಏಟಿಗೆ ಹಲವರನ್ನು ಕೊಲ್ಲಬಲ್ಲವು ಯಾವುವೆಂದು ಪಟ್ಟಿ ಮಾಡಿ. ಬಾಯ್ಲರ್, ಧಾನ್ಯದ ಬಿನ್, ಮಿಲ್‌ನ ದೂಳು, ಹೆಕ್ಸೇನ್ ಬಳಸುವ ಎಣ್ಣೆ ಘಟಕ, ಶೀತಲಗೃಹದ ಅಮೋನಿಯಾ, ತ್ಯಾಜ್ಯನೀರಿನ ಟ್ಯಾಂಕ್. ಗೋದಾಮಿನಲ್ಲಿ ಹುಳು ಸಾಯಲೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮರೆಯಬೇಡಿ. ತೇವ ತಾಗಿದರೆ ಅದು ಬಿಡುವ ಫಾಸ್ಫೀನ್ ಅನಿಲ ಮನುಷ್ಯರನ್ನೂ ಬಿಡುವುದಿಲ್ಲ. ಕಾಲು ಜಾರಿದ್ದು, ಬೆರಳು ಕೊಯ್ದದ್ದು ಬೇರೆ ಲೆಕ್ಕ. ಎರಡನ್ನೂ ಒಂದೇ ಕಾಲಂನಲ್ಲಿ ಬರೆಯಬೇಡಿ. ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ತೈಲ ಸಂಸ್ಕರಣಾಗಾರದಲ್ಲಿ 2005ರ ಮಾರ್ಚ್ 23ರಂದು 15 ಜನ ಸತ್ತ ಮೇಲೆ ಕೂತ ಬೇಕರ್ ಸಮಿತಿ ಕಂಡದ್ದು ಇದನ್ನೇ: ಸಣ್ಣಪುಟ್ಟ ಗಾಯಗಳು ಕಡಿಮೆಯಾಗಿದ್ದನ್ನು ನೋಡಿ ಸ್ಥಾವರವೇ ಸುರಕ್ಷಿತ ಎಂದು ಕಂಪನಿ ನಂಬಿಕೊಂಡಿತ್ತು.

ಇನ್ನು ಸಭೆ. ಉತ್ಪಾದಕ ಕಂಪನಿಯ ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಲಾಭ–ನಷ್ಟದ ಹಾಳೆಗಿಂತ ಮುಂಚೆ ಈ ಪ್ರಶ್ನೆಗಳಿರಲಿ. ಯಾವ ಸುರಕ್ಷಾ ಸಾಧನ ಕೆಟ್ಟಿದೆ, ಎಷ್ಟು ದಿನದಿಂದ? ಯಾವುದನ್ನು ಬೈಪಾಸ್ ಮಾಡಿದ್ದೀರಿ, ಒಪ್ಪಿಗೆ ಕೊಟ್ಟವರು ಯಾರು? ಯಾವ ಪರೀಕ್ಷೆಯ ಗಡುವು ಮುಗಿದಿದೆ? ಸ್ವಲ್ಪದರಲ್ಲಿ ತಪ್ಪಿದ ಅವಘಡ ಯಾವುದು? ‘ಏನೂ ಇಲ್ಲ’ ಎಂಬ ಉತ್ತರವೇ ಪ್ರತಿ ಸಲ ಬಂದರೆ ಅನುಮಾನಪಡಿ. ಓಡುವ ಯಂತ್ರವಿರುವ ಕಡೆ ಏನೂ ಇಲ್ಲದಿರುವುದು ಅಪರೂಪ. ಹೇಳಲು ಹೆದರುವುದು ಸಾಮಾನ್ಯ. ಭೋಪಾಲ್‌ನಲ್ಲಿ ದುರಂತದ ರಾತ್ರಿ ವಿಷರಾಸಾಯನಿಕ ಎಂಐಸಿಯ ಟ್ಯಾಂಕಿನ ಶೀತಲೀಕರಣ ನಿಂತಿತ್ತು, ಅನಿಲ ಸುಡುವ ಫ್ಲೇರ್ ಗೋಪುರ ಕೆಲಸ ಮಾಡುತ್ತಿರಲಿಲ್ಲ. ಎರಡೂ ಸಭೆಯಲ್ಲಿ ಕೇಳಬಹುದಾಗಿದ್ದ ಪ್ರಶ್ನೆಗಳು.

ವರದಿ ಓದಿದರೆ ಸಾಲದು, ಬಾಯ್ಲರ್ ಮನೆಗೆ ಹೋಗಿ. ನೀರಿನ ಮಟ್ಟ ತೋರುವ ಗೇಜ್ ಗ್ಲಾಸ್ ಪರೀಕ್ಷಿಸಲು ಆಪರೇಟರ್‌ಗೆ ಹೇಳಿ, ದೂರದಿಂದ ನೋಡಿ. ಡ್ರೇನ್ ಕಾಕ್ ತೆರೆದಾಗ ಗಾಜಿನೊಳಗಿನ ನೀರು ಹೋಗಬೇಕು, ಮುಚ್ಚಿದೊಡನೆ ಥಟ್ಟನೆ ಮೇಲೇರಬೇಕು. ತಡವರಿಸುತ್ತ ಏರಿದರೆ ದಾರಿ ಕಟ್ಟಿಕೊಂಡಿದೆ, ಅಂದರೆ ಗಾಜು ಸುಳ್ಳು ಮಟ್ಟ ತೋರಿಸುತ್ತಿರಬಹುದು. ಸೇಫ್ಟಿ ವಾಲ್ವ್‌ಗೆ ತಂತಿ ಬಿಗಿದಿದ್ದಾರೋ, ಭಾರ ತೂಗುಹಾಕಿದ್ದಾರೋ ನೋಡಿ. ‘ನೀರು ಕಮ್ಮಿಯಾದ್ರೆ ಪದೇ ಪದೇ ಟ್ರಿಪ್ ಆಗ್ತದ ಸಾರ್, ಅದಕ್ಕೆ ವೈರ್ ತೆಗೆದೀವಿ’ ಎಂಬ ಮಾತು ಕಿವಿಗೆ ಬಿದ್ದರೆ ಅಂದೇ ಬೆಂಕಿ ಆರಿಸಲು ಹೇಳಿ. ಪ್ರಮಾಣಪತ್ರದ ಅವಧಿ, ಆಪರೇಟರ್‌ನ ಅರ್ಹತೆ ಎರಡನ್ನೂ ಮೂಲ ಕಾಗದದಲ್ಲೇ ನೋಡಿ.

ಬಿನ್, ಟ್ಯಾಂಕ್, ಗುಂಡಿಗೆ ಲಿಖಿತ ಪರವಾನಗಿಯಿಲ್ಲದೆ ಯಾರೂ ಇಳಿಯಬಾರದು. ಇಳಿಯುವ ಮುನ್ನ ಧಾನ್ಯ ಎಳೆಯುವ ಆಗರ್ ನಿಲ್ಲಿಸಿ ಸ್ವಿಚ್ಚಿಗೆ ಬೀಗ, ಆಮ್ಲಜನಕ ಮತ್ತು ವಿಷಾನಿಲದ ಅಳತೆ, ಸೊಂಟಕ್ಕೆ ಹಗ್ಗ, ಹೊರಗೊಬ್ಬ ಕಾವಲು. ಒಳಗೆ ಬಿದ್ದವನನ್ನು ಎತ್ತಲು ಗೆಳೆಯ ಹಾಗೇ ಜಿಗಿಯುವುದೇ ಎರಡನೇ ಹೆಣಕ್ಕೆ ಕಾರಣ. ಗುತ್ತಿಗೆಯ ಹಮಾಲರಿಗೂ ಇದೇ ನಿಯಮ. ಹೆಚ್ಚಾಗಿ ಇಳಿಯುವವರೇ ಅವರು.

ಬಜೆಟ್ಟಿನಲ್ಲಿ ‘ಮುಂದಿನ ವರ್ಷ ನೋಡೋಣ’ ಎಂದು ತಳ್ಳಿದ ದುರಸ್ತಿಗಳ ಪಟ್ಟಿ ಬೇರೆಯೇ ಇಡಿ. ಪ್ರತಿಯೊಂದರ ಮುಂದೆ ತಳ್ಳಿದವರ ಹೆಸರಿರಲಿ. ನೀವು ಒಪ್ಪದಿದ್ದರೆ ಬಾಯಿಮಾತಿಗೆ ಬಿಡದೆ ನಡಾವಳಿಯಲ್ಲಿ ಬರೆಸಿ, ಪ್ರತಿ ಪಡೆಯಿರಿ. ಹಂಗಾಮು ಶುರುವಾಗುವ ವಾರ ರಾತ್ರಿ ಪಾಳಿಯಲ್ಲೇ ಒಮ್ಮೆ ಅಣಕು ಕಸರತ್ತು ಮಾಡಿಸಿ: ಸೈರನ್ ಕೂಗಿದರೆ ಯಾರು ಎತ್ತ ಓಡುತ್ತಾರೆ, ಅಗ್ನಿಶಾಮಕ ವಾಹನ ಗೇಟಿಗೆ ಬರಲು ಎಷ್ಟು ನಿಮಿಷ, ಆ ಹೊತ್ತಿನಲ್ಲಿ ಗೇಟಿನ ಬೀಗದ ಕೈ ಯಾರ ಜೇಬಿನಲ್ಲಿರುತ್ತದೆ.