ವಾರ್ಡಿನಿಂದ ಮನೆಗೆ

ಪಾರ್ಶ್ವವಾಯುವಿಗೆ ತುತ್ತಾದ ತಾಯಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರಲು ಸಿದ್ಧವಾಗುತ್ತಿರುವ ಚಿರಂಜೀವಿಗೆ ಆಶೀರ್ವಾದಗಳು.

ವೈದ್ಯರು ಡಿಸ್ಚಾರ್ಜ್‌ಗೆ ಒಪ್ಪಿದ ದಿನ ರೋಗಿ ಪೂರ್ತಿ ಗುಣಮುಖರಾಗಿರುವುದು ಅಪರೂಪ. ಅದುವರೆಗೆ ದಾದಿಯರು ಪಾಳಿಯ ಮೇಲೆ ಹಂಚಿಕೊಂಡು ಮಾಡುತ್ತಿದ್ದ ಕೆಲಸವೆಲ್ಲ ಅಂದು ರಾತ್ರಿಯಿಂದಲೇ ಮನೆಯ ಒಬ್ಬಿಬ್ಬರ ಮೇಲೆ ಬೀಳುವುದರಿಂದ, ಆ ಕೆಲಸವನ್ನು ವಾರ್ಡಿನಲ್ಲಿರುವಾಗಲೇ ದಾದಿಯ ಕಣ್ಣೆದುರು ಸ್ವತಃ ಮಾಡಿ ಕಲಿಯುವುದು ಅಗತ್ಯ. ನೋಡಿ ತಿಳಿದುಕೊಂಡದ್ದು ಸಾಲದು. ನುಂಗಲಾಗದವರಿಗೆ ಮೂಗಿನ ಮೂಲಕ ಹೊಟ್ಟೆಗೆ ಇಳಿಸುವ ಸಣ್ಣ ಕೊಳವೆಯನ್ನು ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಅದರಲ್ಲಿ ಗಂಜಿ ಕೊಡುವಾಗ ತಲೆಯ ಭಾಗವನ್ನು ಕನಿಷ್ಠ 30 ಡಿಗ್ರಿಯಷ್ಟು ಎತ್ತರಿಸಿ, ಕೊಟ್ಟ ಮೇಲೂ ಅರ್ಧ ಗಂಟೆಯಾದರೂ ಹಾಗೆಯೇ ಇರಿಸದಿದ್ದರೆ, ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಕೊಳವೆ ಹೊರಬಂದರೆ ಮನೆಯವರೇ ಮತ್ತೆ ತೂರಿಸಲು ಯತ್ನಿಸಬಾರದು. ಒಂದೇ ಕಡೆ ಒತ್ತಡ ಬಿದ್ದು ಚರ್ಮ ಹುಣ್ಣಾಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹಗಲಿನಷ್ಟೇ ರಾತ್ರಿಗೂ ಅನ್ವಯಿಸುತ್ತದೆ. ಇದೆಲ್ಲ ಸೊಸೆಯ ಅಥವಾ ಮಗಳ ಕೆಲಸವೆಂದು ಗಂಡುಮಕ್ಕಳು ವರಾಂಡದಲ್ಲಿ ನಿಂತುಬಿಡುವ ರೂಢಿ ಇನ್ನೂ ಹೋಗಿಲ್ಲ. ಹೋಗಲೇಬೇಕು, ಏಕೆಂದರೆ ಎದ್ದು ಕೂರಲಾಗದವರನ್ನು ಹೊರಳಿಸಲು ಒಬ್ಬರ ಬಲ ಸಾಕಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಔಷಧಿಗಳಲ್ಲಿ. ಒಂದೇ ಔಷಧವನ್ನು ಹಲವು ಕಂಪನಿಗಳು ಬೇರೆಬೇರೆ ಹೆಸರಿನಲ್ಲಿ ಮಾರುವುದರಿಂದ, ಮನೆಯ ಡಬ್ಬಿಯಲ್ಲಿರುವ ಹಳೆಯ ಬಿಪಿ ಮಾತ್ರೆಯೂ ಆಸ್ಪತ್ರೆಯವರು ಬರೆದ ಹೊಸ ಮಾತ್ರೆಯೂ ಒಂದೇ ಆಮ್ಲೋಡಿಪಿನ್ ಆಗಿರಬಹುದು. ಎರಡನ್ನೂ ಕೊಟ್ಟರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯಬಹುದು. ಆದ್ದರಿಂದ ಆ ಡಬ್ಬಿಯನ್ನೇ ವಾರ್ಡಿಗೆ ಒಯ್ದು, ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕು, ಹೊಸದು ಎಷ್ಟು ದಿನ, ಯಾವುದನ್ನು ಪುಡಿ ಮಾಡಿ ಕೊಳವೆಯಲ್ಲಿ ಕೊಡಬಾರದು ಎಂಬುದನ್ನು ವೈದ್ಯರಿಂದ ಕೇಳಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕು. ಚಿಕಿತ್ಸೆಯ ಸಾರಾಂಶವಾದ ಡಿಸ್ಚಾರ್ಜ್ ಸಮ್ಮರಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿದ್ದು, ಮುಂದಿನ ವೈದ್ಯರನ್ನು ಉದ್ದೇಶಿಸಿರುತ್ತದೆ. ಆರೈಕೆ ಮಾಡುವವರಿಗೆ ಅದೊಂದೇ ಸಾಲದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಬರೆದಿದ್ದರೆ ರಕ್ತಪರೀಕ್ಷೆ ಬೇಕೇ, ಯಾವಾಗ ಎಂಬುದನ್ನೂ ಅದೇ ಹಾಳೆಯಲ್ಲಿ ಸೇರಿಸಬೇಕು.

ಖರ್ಚಿನ ವಿಷಯದಲ್ಲಿ ಒಂದು ಮಾತು: ಆಯುಷ್ಮಾನ್ ಭಾರತ್ ಯೋಜನೆಯಡಿ ದಾಖಲಾದವರಿಗೆ ಡಿಸ್ಚಾರ್ಜ್ ನಂತರದ 15 ದಿನಗಳ ಔಷಧ ಮತ್ತು ಪರೀಕ್ಷೆಗಳೂ ಪ್ಯಾಕೇಜಿನಲ್ಲಿಯೇ ಸೇರಿರುವುದರಿಂದ, ಹೊರಡುವ ಮುನ್ನವೇ ಅದನ್ನು ವಿಚಾರಿಸುವುದು ಲೇಸು. 108 ಆಂಬ್ಯುಲೆನ್ಸ್ ಇರುವುದು ತುರ್ತು ಸ್ಥಿತಿಗಾಗಿ. ಮನೆಗೆ ಮರಳಲು ಬೇರೆ ವಾಹನವನ್ನು ಗೊತ್ತುಮಾಡಬೇಕು.

ಮಂಚ, ಕೊಳವೆಯ ಆಹಾರ, ರಾತ್ರಿ ಜೊತೆಗಿರುವವರು ಇನ್ನೂ ಸಿದ್ಧವಾಗಿಲ್ಲದಿದ್ದರೆ, ಒಂದು ದಿನ ಮುಂದೂಡಲು ಸಾಧ್ಯವೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ. ಜ್ವರ, ಏದುಸಿರು, ಹೆಚ್ಚುವ ಮಂಪರು, ಹೊಸದಾಗಿ ಕಾಣುವ ಬಲಹೀನತೆ ಇವುಗಳಲ್ಲಿ ಯಾವುದಕ್ಕೆ ಕೂಡಲೇ ಮರಳಿ ಬರಬೇಕು, ನಡುರಾತ್ರಿಯಲ್ಲಿ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದು ಬರಹದಲ್ಲಿ ಕೈಗೆ ಸಿಕ್ಕ ನಂತರವೇ ವಾರ್ಡಿನಿಂದ ಹೊರಡಬೇಕೆಂಬುದು ಹಿರಿಯರ ಕೋರಿಕೆ.