ತಿಗರಿ ಬೇಡ, ಫರ್ನೇಸ್ ಬೇಡ, ಒಂದು ಹಿಡಿ ಮಣ್ಣು ಸಾಕು

ಸೆರಾಮಿಕ್ಸ್ ಅಂದ ಕೂಡಲೇ ನಮಗೆ ನೆನಪಾಗೋದು ಮೆಟೀರಿಯಲ್ ಸೈನ್ಸ್ ಪುಸ್ತಕದ ಫೇಸ್ ಡಯಾಗ್ರಾಮ್. ಎನ್‌ಎಸ್‌ಎಸ್ ಕಡೆಯಿಂದ ಸರ್ಕಾರಿ ಶಾಲೆಗೆ ಪಾಠ ಮಾಡಲು ಹೋಗುವ ಗೆಳೆಯರೇ, ಅದನ್ನೇ 6, 7ನೇ ತರಗತಿ ಮಕ್ಕಳಿಗೆ ಹೇಳೋದು ಹೇಗೆ? ತಿಗರಿ ಇಲ್ಲ, ಫರ್ನೇಸ್ ಇಲ್ಲ, ದುಡ್ಡಂತೂ ಇಲ್ಲವೇ ಇಲ್ಲ. ಪರವಾಗಿಲ್ಲ. ಮಣ್ಣಿನಿಂದ ನೀರು ಹೇಗೆ ಹೊರಗೆ ಹೋಗುತ್ತೆ ಅನ್ನೋ ಒಂದೇ ಪ್ರಶ್ನೆ ಹಿಡಿದುಕೊಳ್ಳಿ.

ಮಣ್ಣು: ಕೆರೆಯ ಜೇಡಿಮಣ್ಣನ್ನು ನೀರಲ್ಲಿ ಕದಡಿ, ಹಳೇ ಪಂಚೆಯಲ್ಲಿ ಸೋಸಿ, ಹದಕ್ಕೆ ಬರುವವರೆಗೆ ಆರಲು ಬಿಡಿ. ಪೆನ್ಸಿಲ್ ದಪ್ಪಕ್ಕೆ ಹೊಸೆದು ಬೆರಳಿಗೆ ಸುತ್ತಿ ನೋಡಿ. ಬಿರುಕು ಬಿಡದಿದ್ದರೆ ಮಣ್ಣು ಒಳ್ಳೆಯದು. ಸ್ವಲ್ಪ ಸಣ್ಣ ಮರಳು ಸೇರಿಸಿ ನಾದಿ. ಮರಳು ಕುಗ್ಗೋದಿಲ್ಲ, ಹಾಗಾಗಿ ಒಣಗುವಾಗ ಬಿರುಕು ಕಡಿಮೆ.

ಮೊದಲ ದಿನ: ಪ್ರತಿ ಮಗುವಿಗೂ ನಿಂಬೆಹಣ್ಣಿನ ಗಾತ್ರದ ಉಂಡೆ ಕೊಡಿ. ಹೆಬ್ಬೆರಳಿಂದ ಒತ್ತಿ ಹಣತೆ ಮಾಡಲಿ; ದಪ್ಪ 1 ಸೆಂ.ಮೀ. ಮೀರಬಾರದು. ಜೊತೆಗೆ ಒಂದು ಮಣ್ಣಿನ ಪಟ್ಟಿ ಮಾಡಿಸಿ, ಅದರ ಮೇಲೆ ಸರಿಯಾಗಿ 10 ಸೆಂ.ಮೀ. ಗೆರೆ ಎಳೆಸಿ. ಎಲ್ಲವೂ ನೆರಳಲ್ಲಿ ಒಣಗಲಿ.

ವಾರದ ನಂತರ: ಗೆರೆಯನ್ನು ಮಕ್ಕಳೇ ಅಳೆಯಲಿ. 9.3 ಸೆಂ.ಮೀ. ಬಂತು ಅಂದುಕೊಳ್ಳಿ, ಉಳಿದ 7 ಮಿ.ಮೀ. ಎಲ್ಲಿ ಹೋಯ್ತು? ಕಣಗಳ ನಡುವಿನ ನೀರು ಆವಿಯಾಗಿ, ಕಣಗಳು ಹತ್ತಿರ ಸರಿದವು. ಶೇಕಡಾ ಲೆಕ್ಕವೂ ಪುಕ್ಕಟೆ ಆಯ್ತು!

ಸುಡುವ ದಿನ: ಬಯಲಲ್ಲಿ ಒಂದು ಗುಂಡಿ, ಮರದ ಹೊಟ್ಟು, ಕುಳ್ಳು, ಕಟ್ಟಿಗೆ. ಬೆಂಕಿ ದೊಡ್ಡವರ ಕೆಲಸ, ಮಕ್ಕಳು ದೂರ ನಿಲ್ಲಲಿ. ಮೊದಲು ಹಣತೆಗಳನ್ನು ಬೆಂಕಿಯ ಪಕ್ಕ ನಿಧಾನವಾಗಿ ಬಿಸಿ ಮಾಡಿ. ಒಳಗೆ ಉಳಿದ ನೀರು ಹಬೆಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತೆ, ಹಣತೆ ಸಿಡಿಯುತ್ತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ; ಇಲ್ಲಿ ದೊಣ್ಣೆ ಆ ಹನಿ ನೀರೇ. ಪೂರ್ತಿ ತಣ್ಣಗಾದ ಮೇಲೆ, ಮಾರನೇ ದಿನ ತೆಗೆಯಿರಿ.

ಕೊನೆಯ ಪ್ರಯೋಗ: ಎಷ್ಟೇ ಜಾಗ್ರತೆ ಮಾಡಿದರೂ ಒಂದೆರಡು ಒಡೆಯುತ್ತವೆ. ಯಾರ ಹಣತೆ ಒಡೆದಿದೆಯೋ ಆ ಮಗುವನ್ನೇ ಮುಂದೆ ಕರೆಯಿರಿ. ಎರಡು ಲೋಟ ನೀರಿಡಿ. ಒಂದಕ್ಕೆ ಸುಡದ ಒಣಪಟ್ಟಿಯ ತುಂಡು, ಇನ್ನೊಂದಕ್ಕೆ ಒಡೆದ ಹಣತೆಯ ಚೂರು ಹಾಕಲಿ. ಮೊದಲನೆಯದು ಸ್ವಲ್ಪ ಹೊತ್ತಿನಲ್ಲೇ ಕೆಸರು. ಎರಡನೆಯದು ಹಾಗೇ ಇರುತ್ತೆ.

ಯಾಕೆ? ಸುಮಾರು 500–600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಜೇಡಿಯ ಹರಳಿನೊಳಗೇ ಬೆಸೆದುಕೊಂಡಿದ್ದ ನೀರಿನ ಅಂಶವೂ ಹೊರಟುಹೋಗುತ್ತೆ. ಆಮೇಲೆ ಎಷ್ಟು ನೆನೆಸಿದರೂ ಅದು ಮತ್ತೆ ಹಸಿಮಣ್ಣಾಗದು. ಬದಲಾವಣೆ ಮರಳಿ ಬರುತ್ತೋ ಇಲ್ಲವೋ ಅನ್ನೋ ಪಾಠವನ್ನು ಇಡೀ ತರಗತಿಗೆ ತೋರಿಸಿದ್ದು ಆ ಒಡೆದ ಚೂರೇ. ಹಣತೆ ಒಡೆದ ಮಗು ಆ ದಿನ ಸಪ್ಪೆ ಮುಖ ಹಾಕಿಕೊಂಡು ಮನೆಗೆ ಹೋಗಬೇಕಿಲ್ಲ.