ಪಾಲಾಗದ ಆಸ್ತಿ

ಬಂಟ್ವಾಳದಿಂದ ಬೆಳ್ತಂಗಡಿಗೆ, ಅಲ್ಲಿಂದ ವೇಣೂರು ಮಾರ್ಗವಾಗಿ ಮೂಡಬಿದಿರೆಗೆ ಪ್ರಯಾಣ ಮಾಡುವವರು ಗದ್ದೆಗಳ ಅಂಚಿನಲ್ಲಿ, ಅಡಿಕೆ ತೋಟಗಳ ನಡುವೆ, ಸುತ್ತಣ ಹಸುರಿಗಿಂತ ದಟ್ಟವಾದ ಚಿಕ್ಕ ಚಿಕ್ಕ ಮರಗುಂಪುಗಳನ್ನು ನೋಡಿರಬಹುದು. ಇವೇ ನಮ್ಮ ನಾಗಬನಗಳು. ಇವನ್ನು ದೇವರ ಸ್ಥಾನವೆಂದು ಎಲ್ಲರೂ ಬಲ್ಲರು. ಅರಣ್ಯವೆಂದು ಬಗೆದವರು ವಿರಳ. ಈ ಎರಡನೆಯ ದೃಷ್ಟಿಯಿಂದ ಅವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಕುಟುಂಬದ ಬನ ಕಾಲು ಎಕ್ರೆಯನ್ನು ಮೀರದು. ಕಳೆದ ರಜೆಯಲ್ಲಿ ಅದರ ಅಂಚಿನಲ್ಲಿ ನಿಂತು ಮರಗಳನ್ನು ಗುರುತಿಸಿದೆ. ಕಿರಾಲುಬೋಗಿ, ಧೂಪ, ಹಾಲೆ, ರೆಂಜೆ, ಬೈನೆ, ಕಾಸರಕಗಳು ಅಲ್ಲಿದ್ದುವು. ಇವುಗಳಲ್ಲಿ ಮೊದಲಿನ ಎರಡು ಪಶ್ಚಿಮ ಘಟ್ಟದ ಸೀಮೆಯಲ್ಲಲ್ಲದೆ ಜಗತ್ತಿನ ಬೇರೆಲ್ಲಿಯೂ ತಾವಾಗಿ ಬೆಳೆಯುವುದಿಲ್ಲ. ಯಾರೂ ನೆಡದ, ಯಾರೂ ನೀರೆರೆಯದ ಈ ಮರಗಳು ಇಲ್ಲಿನ ಮೂಲ ಕಾಡಿನ ವಂಶಸ್ಥರು.

ಮರವಿದ್ದಲ್ಲಿ ಜೀವವೂ ಉಂಟು. ಬೈನೆಯ ಹಣ್ಣನ್ನು ರಾತ್ರಿ ಕಬ್ಬೆಕ್ಕು ತಿಂದು ಬೀಜವನ್ನು ದೂರ ಹಾಕುತ್ತದೆ. ಮಂಗಟ್ಟೆ ಹಕ್ಕಿಗೆ ಗೂಡಿಗಾಗಿ ಹಳೆಯ ಮರದ ಪೊಟರೆಯೇ ಬೇಕು. ಹೆಣ್ಣು ಒಳಗೆ ಕುಳಿತು ಬಾಯಿ ಮುಚ್ಚಿಕೊಂಡರೆ, ಗಂಡು ಸಣ್ಣ ಸೀಳಿನಿಂದ ಆಹಾರ ಕೊಡುತ್ತದೆ. ಎಳೆಯ ಮರ ಈ ಕೆಲಸಕ್ಕೆ ಬಾರದು. ನಾಗರ, ಕೇರೆಗಳು ಇಲ್ಲಿಂದ ಹೊರಟು ಗದ್ದೆಯ ಇಲಿಗಳನ್ನು ಹಿಡಿಯುತ್ತವೆ. ಬನದ ತರಗೆಲೆಯ ಹಾಸು ಮಳೆಯ ನೀರನ್ನು ತಡೆದು ಮುರಕಲ್ಲಿನೊಳಗೆ ಇಳಿಸುತ್ತದೆ.

ಇಷ್ಟು ಕಾಲ ಇದನ್ನು ಕಾದವರು ಯಾರು? ಭಕ್ತಿಯೊಂದೇ ಅಲ್ಲ, ಒಡೆತನದ ರೀತಿಯೂ ಕಾದಿತು. ಅಳಿಯಸಂತಾನದ ಮನೆತನಗಳಲ್ಲಿ ಭೂಮಿ ಕುಟುಂಬದ್ದು, ಒಬ್ಬನದಲ್ಲ. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯಿಂದ ಪಾಲಿಗೆ ದಾರಿಯಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಹಳೆಯ ಕಟ್ಟು ಇನ್ನೂ ಸಡಿಲಿತು. ನಮ್ಮ ಮನೆಯಲ್ಲಿ ಗದ್ದೆ ಪಾಲಾಯಿತು, ತೋಟ ಪಾಲಾಯಿತು. ನಾಗ ಮಾತ್ರ ಪಾಲಾಗಲಿಲ್ಲ.

ಎಲ್ಲರದಾದುದು ಯಾರದೂ ಅಲ್ಲದಂತಾಗುವ ಅಪಾಯ ಇಲ್ಲಿಯೇ ಇದೆ. ಕಳೆದ ನಾಗರ ಪಂಚಮಿಯಂದು ತನು ಎರೆದ ಬಳಿಕ, ಮರಗಳನ್ನು ತೆಗೆದು ಸಿಮೆಂಟಿನ ಕಟ್ಟೆ, ಸುತ್ತ ಹಾಸುಗಲ್ಲು ಮಾಡಿಸುವ ಮಾತು ಬಂತು. ದೂರದ ಊರುಗಳಿಂದ ಬರುವವರಿಗೆ ಕೆಸರು ತುಳಿಯುವುದು ಕಷ್ಟವೆಂಬುದು ಸುಳ್ಳಲ್ಲ. ಆಗ ನನ್ನ ಅಜ್ಜಿ, "ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಾಗ ಎಲ್ಲಿ ಮಲಗಬೇಕು?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ನಿರ್ಧಾರ ಮುಂದಿನ ಪಂಚಮಿಗೆ ಹೋಯಿತು.

ವನ್ಯಜೀವಿ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯು ಜನರ ಒಡೆತನದ ನೆಲವನ್ನೂ ಸಮುದಾಯ ಮೀಸಲು ಪ್ರದೇಶವೆಂದು ಸಾರಲು ಅವಕಾಶವಿತ್ತಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೆ ಘೋಷಿತವಾಯಿತು; ಅಲ್ಲಿ ಊರವರ ಮನೆಯಂಗಳದ ಮರಗಳಲ್ಲೇ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಕಾಯಿದೆ ಈಗ ಹೇಳುವುದನ್ನು ನಮ್ಮ ಹಿರಿಯರು ಹೇಳದೆಯೇ ನಡೆಸಿದ್ದರು.

ಮಿತ್ರರೇ, ನಿಮ್ಮ ಮನೆತನಕ್ಕೂ ಒಂದು ಬನವಿರಬಹುದು. ಮುಂದಿನ ಪಂಚಮಿಗೆ ಹೋದಾಗ ಅದರ ಮರಗಳ ಹೆಸರನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿರಿ. ಕಟ್ಟೆಯ ಮಾತು ಬಂದರೆ, ಕಾಲುದಾರಿಗೆ ನಾಲ್ಕು ಮುರಕಲ್ಲು ಹಾಸಿದರೆ ಸಾಕೆಂದು ಹೇಳಿರಿ. ನಾನೂ ನಮ್ಮ ಮನೆಯಲ್ಲಿ ಅದನ್ನೇ ಹೇಳಬೇಕೆಂದಿದ್ದೇನೆ.